ಚಾವುಂಡರಾಯನ ಶೌರ್ಯ: ಬಿರುದು ಮತ್ತು ಬಿಂಬ

ಅಹಿಂಸಾಧರ್ಮವು ನಾಡಿನ ಕ್ಷಾತ್ರವನ್ನು ಕುಂದಿಸಿತೆಂಬ ಆಕ್ಷೇಪ ಹಳೆಯದು. ಇದಕ್ಕೆ ಉತ್ತರವಾಗಿ ಬಂಕೆಯ, ಚಾವುಂಡರಾಯ, ಗಂಗರಾಜ ಮೊದಲಾದ ಜೈನ ಸೇನಾನಿಗಳ ವಿಜಯಗಳನ್ನು ಮುಂದಿಡುವುದು ವಾಡಿಕೆ. ಆಕ್ಷೇಪವನ್ನು ಅಲ್ಲಗಳೆಯಲು ಅಷ್ಟು ಸಾಕು. ಆದರೆ ಜೈನರೂ ಯುದ್ಧ ಮಾಡಬಲ್ಲವರಾಗಿದ್ದರೆಂದು ಸಾಧಿಸಿ ಸುಮ್ಮನಾದರೆ, ಅವರು ಶೌರ್ಯಕ್ಕೆ ಕೊಟ್ಟ ಅರ್ಥವೇ ಕೈತಪ್ಪಿಹೋಗುತ್ತದೆ.

ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು ಗೋನೂರಿನ ಕಾಳಗದಿಂದ ‘ವೀರಮಾರ್ತಂಡ’ನೆಂದೂ, ಉಚ್ಚಂಗಿಯ ಕೋಟೆಯಲ್ಲಿ ತೋರಿದ ಪರಾಕ್ರಮದಿಂದ ‘ರಣರಂಗಸಿಂಗ’ನೆಂದೂ ಹೆಸರಾದನು. 978ರಲ್ಲಿ ರಚಿತವಾದ ಅವನ ಪುರಾಣವು ಈ ಬಿರುದುಗಳ ಜೊತೆಗೆ ‘ಸತ್ಯಯುಧಿಷ್ಠಿರ’ ಎಂಬುದನ್ನೂ ಹೇಳುತ್ತದೆ. ಹಾಸ್ಯಕ್ಕೂ ಸುಳ್ಳಾಡದವನೆಂಬುದು ಅದರ ಕಾರಣ. ರಣರಂಗದ ಬಿರುದುಗಳ ಸಾಲಿನಲ್ಲಿ ನಡತೆಯ ಬಿರುದಿಗೂ ಸ್ಥಾನವಿತ್ತು.

ಆ ಕಾಲದ ಚಿಂತನೆಯೂ ಇದಕ್ಕೆ ಹೊಂದುವಂತಹದು. 959ರಲ್ಲಿ ಮುಗಿದ ‘ಯಶಸ್ತಿಲಕ’ದಲ್ಲಿ ಸೋಮದೇವಸೂರಿಯು ರಾಜನಿಗೆ ಆಯುಧವನ್ನು ನಿಷೇಧಿಸಲಿಲ್ಲ. ಸಮರದಲ್ಲಿ ಶಸ್ತ್ರ ಹಿಡಿದು ನಿಂತವನ ಮೇಲೆ, ನಾಡಿಗೆ ಕಂಟಕನಾದವನ ಮೇಲೆ ಅದನ್ನು ಪ್ರಯೋಗಿಸಬಹುದು. ದೀನರ ಮೇಲೆ, ದುರ್ಬಲರ ಮೇಲೆ, ಸದಾಶಯದವರ ಮೇಲೆ ಸಲ್ಲದು. ಶೌರ್ಯಕ್ಕೆ ಹಾಕಿದ ಎಲ್ಲೆ ಇದು.

ಚಾವುಂಡರಾಯನ ಒಡೆಯ ಮಾರಸಿಂಹನ ಬದುಕಿನ ಕೊನೆಯೂ ಗಮನಾರ್ಹ. ನೊಳಂಬರನ್ನು ಗೆದ್ದು ‘ನೊಳಂಬಕುಲಾಂತಕ’ನೆನಿಸಿದ ಆ ಅರಸನು 974ರ ಸುಮಾರಿಗೆ ರಾಜ್ಯವನ್ನು ತೊರೆದು, ಹುಬ್ಬಳ್ಳಿಯ ದಕ್ಷಿಣಕ್ಕಿರುವ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಉಪವಾಸವ್ರತದಿಂದ ದೇಹತ್ಯಾಗ ಮಾಡಿದನು. ಅವನ ವಿಜಯಗಳನ್ನು ಸಾರುವ ಶ್ರವಣಬೆಳಗೊಳದ ಕಂಬವೇ ಈ ವಿರಕ್ತಿಯನ್ನೂ ದಾಖಲಿಸಿದೆ.

ಇಂತಹ ಅರಸನ ದಂಡನಾಯಕನು 981ರ ಸುಮಾರಿಗೆ ದೊಡ್ಡಬೆಟ್ಟದ ಮೇಲೆ 58 ಅಡಿಯ ಬಾಹುಬಲಿಯನ್ನು ನಿಲ್ಲಿಸಿದನು. ಭರತ-ಬಾಹುಬಲಿಯರ ಸೇನೆಗಳು ಎದುರಾದಾಗ, ನಿರಪರಾಧಿಗಳಾದ ಸೈನಿಕರೇಕೆ ಸಾಯಬೇಕೆಂದು ಮಂತ್ರಿಗಳು ಚಿಂತಿಸಿ, ಅಣ್ಣತಮ್ಮಂದಿರ ನಡುವೆ ದೃಷ್ಟಿ, ಜಲ, ಮಲ್ಲ ಯುದ್ಧಗಳನ್ನು ಸೂಚಿಸಿದರೆಂಬುದು ಪುರಾಣದ ಕಥೆ. ಮೂರರಲ್ಲೂ ಗೆದ್ದ ಬಾಹುಬಲಿಯು ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಡೆದನು. ಯುದ್ಧಗಳನ್ನು ಕಣ್ಣಾರೆ ಕಂಡ ಸೇನಾನಿಯೊಬ್ಬನು ಶಾಶ್ವತವಾಗಿ ನಿಲ್ಲಿಸಲು ಆರಿಸಿಕೊಂಡದ್ದು, ಗೆಲುವನ್ನು ಕೈಬಿಟ್ಟ ಈ ವೀರನನ್ನು.

ಮೂರ್ತಿಯ ಪಾದದ ಬಳಿಯ ಕನ್ನಡ ಬರಹದಲ್ಲಿ ಯುದ್ಧದ ಬಿರುದೊಂದೂ ಇಲ್ಲ. ಮಾಡಿಸಿದವನ ಹೆಸರಷ್ಟೇ ಇದೆ. ಅವನ ಪರಾಕ್ರಮವನ್ನು ವಿವರಿಸುವ ಶಾಸನವಿದ್ದುದು ಅದೇ ಬೆಟ್ಟದ ತ್ಯಾಗದ ಬ್ರಹ್ಮದೇವರ ಕಂಬದಲ್ಲಿ. ಮುಂದೆ ಹೆಗ್ಗಡೆ ಕಣ್ಣನೆಂಬವನು ತನ್ನದೊಂದು ಪುಟ್ಟ ಬರಹಕ್ಕಾಗಿ ಅದರ ಬಹುಭಾಗವನ್ನು ಅಳಿಸಿದನು. ಕಾಳಗಗಳ ವರ್ಣನೆ ಹೀಗೆ ಹೋಯಿತು, ಬಿಂಬ ಉಳಿಯಿತು.

ಕೆಲವು ಸೇನಾನಿಗಳನ್ನು ನೋಡಿ ಇಡೀ ಜನತೆಯ ಸ್ವಭಾವವನ್ನು ನಿರ್ಣಯಿಸುವುದು ಅವಸರದ ಮಾತಾಗುತ್ತದೆ. ಆದರೆ ಒಂದು ನಾಡು ಯಾವುದನ್ನು ಮೆಚ್ಚಬಯಸಿತೆಂಬುದನ್ನು ತಿಳಿಯಬಹುದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡಿಗರ ಗುಣಗಳನ್ನು ಎಣಿಸುವಾಗ ವೀರಭಟರಿಂದ ತೊಡಗಿ ವಿವೇಕಿಗಳಲ್ಲಿ ಮುಗಿಸುತ್ತದೆ. ಚಾವುಂಡರಾಯನು ನಡೆದ ದಾರಿಯೂ ಅದೇ.