ಕಿಡಿ ಹಾರುವ ಗಳಿಗೆ: ಫೋರ್ಡ್ ಮಾಡೆಲ್ ಟಿ (1908–1927)

ಸ್ಟೀರಿಂಗ್ ಚಕ್ರದ ಕೆಳಗೆ ಎರಡು ಪುಟ್ಟ ಸನ್ನೆಗಳಿವೆ. ಬಲಗಡೆಯದು ವೇಗಕ್ಕೆ, ಎಡಗಡೆಯದು ಕಿಡಿಗೆ. ಇಂದು ಕಂಪ್ಯೂಟರ್ ಮಾಡುವ ಈ ಕೆಲಸವನ್ನು ಆಗ ಚಾಲಕನ ಬೆರಳು, ಕಿವಿಗಳೇ ಮಾಡುತ್ತಿದ್ದವು.

ಪೆಟ್ರೋಲ್ ಮಿಶ್ರಣ ಉರಿದು ಒತ್ತಡ ಏರಲು ತುಸು ಹೊತ್ತು ಬೇಕು. ಎಂಜಿನ್ ವೇಗವಾಗಿ ತಿರುಗುವಾಗ ಪಿಸ್ಟನ್ ಮೇಲ್ತುದಿ ಮುಟ್ಟುವ ಮುನ್ನವೇ ಕಿಡಿ ಹಾರಬೇಕು. ಅದಕ್ಕೆ ಎಡಗಡೆಯ ಸನ್ನೆಯನ್ನು ಕೆಳಗೆಳೆಯುತ್ತಿದ್ದರು. ತಡವಾದರೆ ಬಲ ಕುಗ್ಗಿ ಎಂಜಿನ್ ವಿಪರೀತ ಕಾಯುತ್ತದೆ. ತೀರ ಬೇಗ ಹಾರಿದರೆ ಬಡಿತದ ಸದ್ದು.

ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುವಾಗ ಮಾತ್ರ ಸನ್ನೆ ಪೂರ್ತಿ ಮೇಲಿರಲೇಬೇಕು. ಮರೆತರೆ ಎಂಜಿನ್ ಹಿಮ್ಮುಖವಾಗಿ ಒದೆಯುತ್ತಿತ್ತು. ಮಣಿಕಟ್ಟು ಮುರಿದುಕೊಂಡವರು ಅನೇಕರು. ಹೆಬ್ಬೆರಳನ್ನು ಹಿಡಿಕೆಗೆ ಸುತ್ತದೆ, ಎಡಗೈಯಿಂದ ಮೇಲಕ್ಕೆಳೆಯುವ ರೂಢಿ ಬೆಳೆದದ್ದು ಈ ಭಯದಿಂದಲೇ.

ಕಿಡಿಯ ಗಳಿಗೆ ಹೊಂದಿಸುವ ಬಗೆ ಸರಳ, ಆದರೆ ತಾಳ್ಮೆ ಬೇಕು. ಸನ್ನೆ ಮೇಲಿಟ್ಟು, ಸ್ವಿಚ್ ಹಾಕಿ, ಎಂಜಿನ್ನನ್ನು ನಿಧಾನವಾಗಿ ತಿರುಗಿಸಬೇಕು. ಮೊದಲ ಸಿಲಿಂಡರಿನ ಪಿಸ್ಟನ್ ಸಂಕೋಚನದ ತುದಿ ದಾಟಿ, ಕ್ರ್ಯಾಂಕ್ ಸುಮಾರು 15 ಡಿಗ್ರಿ ಮುಂದೆ ಸರಿದಾಗ, ಕಿಡಿ ಹುಟ್ಟಿಸುವ, ಮರದ ಕವಚದ ನಾಲ್ಕು ಕಾಯಿಲ್‌ಗಳಲ್ಲಿ ಮೊದಲನೆಯದು ಗುಂಯ್‌ಗುಟ್ಟಬೇಕು. ಅದಕ್ಕೂ ಮೊದಲೇ ಗುಂಯ್‌ಗುಟ್ಟಿದರೆ ಅಪಾಯ. ತಿದ್ದುಪಡಿಗೆ ತಿರುಪು ಹುಡುಕಬೇಡಿ: ಸನ್ನೆಯಿಂದ ಎಂಜಿನ್ ಮುಂಭಾಗದ, ಕಿಡಿಯ ಗಳಿಗೆ ನಿರ್ಧರಿಸುವ ಟೈಮರ್‌ಗೆ ತಲುಪುವ ಕಬ್ಬಿಣದ ಕಡ್ಡಿಯನ್ನೇ ಮೆಕ್ಯಾನಿಕ್‌ಗಳು ಕೂದಲೆಳೆಯಷ್ಟು ಬಗ್ಗಿಸುತ್ತಿದ್ದರು.