ದಿನಕ್ಕೆ ಎರಡಾಣೆ: ಪಿಗ್ಮಿ ಠೇವಣಿ ಬೆಳೆದು ಬಂದ ಬಗೆ

ಅಂಗಡಿ, ಹೋಟೆಲು, ಮನೆಗಳ ಬಾಗಿಲಿಗೇ ಹೋಗಿ ದಿನದಿನದ ಉಳಿತಾಯವನ್ನು ಸಂಗ್ರಹಿಸುವ ಪಿಗ್ಮಿ ಠೇವಣಿ ಯೋಜನೆಯನ್ನು 1928ರಲ್ಲಿ ಆರಂಭಿಸಿದ್ದು ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಇದೇ ಸಂಸ್ಥೆ. ಆಗ ದಿನಕ್ಕೆ ಎರಡಾಣೆ ಕಟ್ಟಿದರೂ ಖಾತೆ ನಡೆಯುತ್ತಿತ್ತು.

ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಅಷ್ಟರಲ್ಲಾಗಲೇ ಬ್ಯಾಂಕಿನ ರೂಢಿ ಇತ್ತು. 1906ರ ಮಾರ್ಚಿನಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಟ್ಟಿದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅದೇ ವರ್ಷದ ಜುಲೈಯಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಆರಂಭಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡ್ 1910ರಲ್ಲಿ ಕೆನರಾ ಬ್ಯಾಂಕ್ ಆಯಿತು. ಕರ್ಣಾಟಕ ಬ್ಯಾಂಕ್ 1924ರಲ್ಲೂ ವಿಜಯಾ ಬ್ಯಾಂಕ್ 1931ರಲ್ಲೂ ಮಂಗಳೂರಿನಲ್ಲೇ ಹುಟ್ಟಿದವು. ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಮತ್ತು ವೈದ್ಯ ಟಿ.ಎಂ.ಎ. ಪೈ ಸೇರಿ 1925ರಲ್ಲಿ 8,000 ರೂಪಾಯಿ ಬಂಡವಾಳದೊಂದಿಗೆ ಸಿಂಡಿಕೇಟನ್ನು ಸ್ಥಾಪಿಸಿದರು. ಕೈಮಗ್ಗದ ಕಸುಬು ಕುಸಿದು ಕಂಗಾಲಾಗಿದ್ದ ಸ್ಥಳೀಯ ನೇಕಾರರಿಗೆ ಹಣಕಾಸಿನ ನೆರವು ಕೊಡುವುದು ಅದರ ಮೊದಲ ಉದ್ದೇಶವಾಗಿತ್ತು.

ಸಾಲ ಕೊಡಲು ಠೇವಣಿ ಬೇಕು. ಆದರೆ ದಿನಗೂಲಿಯವರು, ಮೀನು ಮಾರುವವರು, ಸಣ್ಣ ಅಂಗಡಿಯವರು ಬ್ಯಾಂಕಿನ ಮೆಟ್ಟಿಲು ಹತ್ತುವುದು ಅಪರೂಪ. ಅವರ ಆದಾಯ ದಿನಕ್ಕಿಷ್ಟು ಎಂದು ಚಿಲ್ಲರೆಯಾಗಿ ಬರುತ್ತದೆ. ಖರ್ಚು ಮಾತ್ರ ಮದುವೆ, ಕಾಯಿಲೆ, ಮಕ್ಕಳ ಶಾಲೆ, ಮನೆಯ ಮಾಡಿನ ದುರಸ್ತಿ ಎಂದು ಒಟ್ಟಾಗಿ ಎರಗುತ್ತದೆ. ಕರಾವಳಿಯಲ್ಲಿ ಮಳೆ ಜೋರಾಗಿ ದೋಣಿ ಕಡಲಿಗಿಳಿಯದ ಆಟಿ ತಿಂಗಳಿನಲ್ಲಿ ಗಳಿಕೆಯೇ ನಿಲ್ಲುತ್ತದೆ. ಮನೆಯಲ್ಲಿ ಕೂಡಿಟ್ಟ ದುಡ್ಡು ಕೈಗೆಟುಕುವಂತಿದ್ದರೆ ಕರಗಿಹೋಗುತ್ತದೆ. ಚೀಟಿ ಹಾಕಿದರೆ, ಚೀಟಿ ಎತ್ತಿದವನು ಮುಂದಿನ ಕಂತು ಕಟ್ಟದೆ ಹೋಗುವ ಭಯ. ಸಾಹುಕಾರನ ಸಾಲಕ್ಕೆ ಬಡ್ಡಿಯ ಹೊರೆ. ಸಂಪಾದನೆ ಕೈಗೆ ಬಂದ ದಿನವೇ ಅದರ ಒಂದು ಪಾಲನ್ನು ಮನೆಯಿಂದ ಹೊರಗೆ ಸಾಗಿಸುವುದು ಪಿಗ್ಮಿ ಕಂಡುಕೊಂಡ ಉಪಾಯ.

ಲೆಕ್ಕ ಸರಳ. ರೂಪಾಯಿಗೆ ಹದಿನಾರಾಣೆಯ ಕಾಲದಲ್ಲಿ ದಿನಕ್ಕೆ ಎರಡಾಣೆ ಕಟ್ಟಿದವನ ಹೆಸರಿನಲ್ಲಿ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ, ವರ್ಷಕ್ಕೆ 45 ರೂಪಾಯಿ ಹತ್ತಾಣೆ ಜಮೆಯಾಗುತ್ತಿತ್ತು, ಬಡ್ಡಿ ಬೇರೆ. ಅವಧಿ ಮುಗಿಯುವವರೆಗೆ ಹಣ ಮುಟ್ಟಬಾರದು ಎಂಬ ಕಟ್ಟು, ತುರ್ತಿದ್ದರೆ ಜಮೆಯ ಆಧಾರದ ಮೇಲೆ ಸಾಲ ಎಂಬ ಸಡಿಲಿಕೆ ಎರಡೂ ಪಿಗ್ಮಿ ಪದ್ಧತಿಯಲ್ಲಿ ರೂಢಿಗೆ ಬಂದವು. ಬ್ಯಾಂಕಿನ ಮುಖ ಕಾಣದವರಿಗೂ ಇದರಿಂದ ಹೆಸರು, ಖಾತೆ, ಸಾಲ ಪಡೆಯುವ ಅರ್ಹತೆ ಒಟ್ಟಿಗೆ ದಕ್ಕಿದವು.

ಇಡೀ ಪದ್ಧತಿಯ ಆಧಾರ ಪಿಗ್ಮಿ ಕಲೆಕ್ಟರ್. ಸಾಮಾನ್ಯವಾಗಿ ಆತ ಅದೇ ಊರಿನವನು. ಗಲ್ಲಾಪೆಟ್ಟಿಗೆಗೆ ಕಾಸು ಬಿದ್ದಿರುವ ಹೊತ್ತು ನೋಡಿ ಅಂಗಡಿಗೆ ಬರುತ್ತಾನೆ. ಗ್ರಾಹಕ ಕೊಟ್ಟ ಹಣ ಎಣಿಸಿ, ಪಾಸ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿ, ತನ್ನ ಪಟ್ಟಿಯಲ್ಲೂ ಬರೆದುಕೊಂಡು ಮುಂದಿನ ಅಂಗಡಿಗೆ ಹೋಗುತ್ತಾನೆ. ಅವನಿಗೆ ಸಂಬಳವಿಲ್ಲ, ವಸೂಲಿಯ ಮೇಲೆ ಕಮಿಷನ್. ಈ ಕಮಿಷನ್ ಖರ್ಚಿನಿಂದಾಗಿಯೇ ಪಿಗ್ಮಿಯ ಬಡ್ಡಿ ನಿಶ್ಚಿತ ಠೇವಣಿಯ ಬಡ್ಡಿಗಿಂತ ಸಾಮಾನ್ಯವಾಗಿ ಕಡಿಮೆ. ಪದ್ಧತಿಯ ಬಲವೂ ಇವನೇ, ದುರ್ಬಲ ಕೊಂಡಿಯೂ ಇವನೇ. ವಸೂಲಾದ ಹಣ ಬ್ಯಾಂಕಿಗೆ ತಲುಪದೆ ಹೋದರೆ ಗ್ರಾಹಕನ ಕೈಯಲ್ಲಿ ಉಳಿಯುವ ಸಾಕ್ಷಿ ಪಾಸ್‌ಬುಕ್ಕಿನ ಸಾಲು ಮಾತ್ರ. ಕಲೆಕ್ಟರನಿಂದ ಭದ್ರತಾ ಠೇವಣಿ ಇಡಿಸಿಕೊಳ್ಳುವುದು, ಪಾಸ್‌ಬುಕ್ಕನ್ನು ಶಾಖೆಯ ಲೆಕ್ಕದೊಂದಿಗೆ ತಾಳೆ ನೋಡುವುದು ಈ ಅಪಾಯಕ್ಕೆ ಕಂಡುಕೊಂಡ ಪರಿಹಾರಗಳು. ಬರಹದ ಜಾಗಕ್ಕೆ ಚೀಟಿ ಮುದ್ರಿಸುವ ಕೈಯಂತ್ರ, ಮೊಬೈಲ್ ಸಂದೇಶ ಬಂದದ್ದು ಬಹಳ ತಡವಾಗಿ.

ಕಲೆಕ್ಟರರ ಸ್ಥಾನಮಾನದ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಅವರು ಗುತ್ತಿಗೆಯವರಷ್ಟೇ ಎಂಬುದು ಬ್ಯಾಂಕುಗಳ ವಾದ. 2001ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಕಾರ್ಮಿಕರೆಂದು ಒಪ್ಪಿ, ಅವರು ಪಡೆಯುವ ಕಮಿಷನ್ ಕೂಡ ವೇತನವೇ ಎಂದಿತು. ಕಾಯಂ ನೌಕರರಿಗೆ ಸಮನಾದ ಸಂಬಳವನ್ನು ಮಾತ್ರ ಕೊಡಿಸಲಿಲ್ಲ.

ಅಷ್ಟರಲ್ಲಿ ಪಿಗ್ಮಿ ಕರಾವಳಿಯ ಗಡಿ ದಾಟಿ ಬೇರೆ ಬ್ಯಾಂಕುಗಳಿಗೂ ಸಹಕಾರ ಸಂಘಗಳಿಗೂ ಹಬ್ಬಿತ್ತು. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್, 1980ರ ಆರರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ, ಹೀಗೆ ಒಂದೇ ಜಿಲ್ಲೆಯ ನಾಲ್ಕು ಬ್ಯಾಂಕುಗಳು ಸೇರಿದ್ದವು. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ವಿಲೀನವಾಯಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾದಲ್ಲೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲೂ ಸೇರಿಹೋದವು.

ಕಲೆಕ್ಟರ್ ಪ್ರಾಮಾಣಿಕನಿದ್ದರೂ ಬ್ಯಾಂಕೇ ಮುಳುಗಿದರೆ ಗತಿಯೇನು ಎಂಬ ಪ್ರಶ್ನೆಗೆ ದೇಶದಲ್ಲಿ ಉತ್ತರ ಸಿಕ್ಕಿದ್ದು 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕ್ ಬಿದ್ದ ಮೇಲೆ. 1962ರ ಜನವರಿ 1ರಿಂದ ಠೇವಣಿ ವಿಮೆ ಜಾರಿಗೆ ಬಂತು. ಆಗ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಸಿಗುತ್ತಿದ್ದ ರಕ್ಷಣೆ 1,500 ರೂಪಾಯಿ. 1993ರಲ್ಲಿ ಅದು ಒಂದು ಲಕ್ಷವಾಯಿತು, 2020ರ ಫೆಬ್ರವರಿಯಲ್ಲಿ ಐದು ಲಕ್ಷಕ್ಕೇರಿತು. ಒಬ್ಬನ ಎಲ್ಲ ಠೇವಣಿ ಮತ್ತು ಬಡ್ಡಿ ಸೇರಿ ಈ ಮಿತಿ.

ಇಂದು ಕರ್ನಾಟಕದ ಪೇಟೆಗಳಲ್ಲಿ ಪಿಗ್ಮಿ ಸಂಗ್ರಹದಲ್ಲಿ ಪತ್ತಿನ ಸಹಕಾರ ಸಂಘಗಳದ್ದೂ ಸೌಹಾರ್ದ ಸಹಕಾರಿಗಳದ್ದೂ ದೊಡ್ಡ ಪಾಲಿದೆ. ಠೇವಣಿ ವಿಮೆ ಸಹಕಾರಿ ಬ್ಯಾಂಕುಗಳಿಗಿದೆ, ಈ ಸಂಘಗಳಿಗಿಲ್ಲ. ಪಿಗ್ಮಿಯ ಬಡ್ಡಿ ಆದಾಯ ತೆರಿಗೆಯ ಲೆಕ್ಕಕ್ಕೂ ಬರುತ್ತದೆ. ಖಾತೆ ತೆರೆಯುವ ಮುನ್ನ ಸಂಸ್ಥೆ ವಿಮೆಯ ವ್ಯಾಪ್ತಿಯಲ್ಲಿದೆಯೇ ಎಂದು ಕೇಳುವುದು, ಪ್ರತಿ ಕಂತಿಗೂ ರಸೀದಿ ಪಡೆಯುವುದು, ಆಗಾಗ ಶಾಖೆಗೇ ಹೋಗಿ ಜಮೆಯನ್ನು ತಾಳೆ ನೋಡುವುದು ಗ್ರಾಹಕನೇ ಮಾಡಬೇಕಾದ ಕೆಲಸ.