ಸಮುದಾಯ ಕಾಲೇಜು ಮತ್ತು ನಮ್ಮ ಸೇವಾಪರಂಪರೆ

ದೇವಾನುಗ್ರಹದಿಂದ ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸುತ್ತಿರುವ ಈ ಸುಸಂದರ್ಭದಲ್ಲಿ ನಾವು ಪ್ರಸ್ತಾಪಿಸಬಯಸುವುದು ಓದನ್ನು ಅರ್ಧಕ್ಕೇ ಬಿಟ್ಟ ಮಕ್ಕಳನ್ನು ಹಾಗೂ ಅಂಥವರಿಗಾಗಿ ಹುಟ್ಟಿದ ಸಮುದಾಯ ಕಾಲೇಜನ್ನು ಕುರಿತು.

ಈ ದೇವಾಲಯದ ಅಸ್ತಿಭಾರ ಬಿದ್ದಾಗ ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಇಲ್ಲಿನ ಕಥೋಲಿಕರೂ ಮದರಾಸು ಮಹಾಧರ್ಮಕ್ಷೇತ್ರದವರೇ. 1928ರಲ್ಲಿ ಬಳ್ಳಾರಿ ಮಿಷನ್ ಪ್ರತ್ಯೇಕವಾಯಿತು. ಫ್ರಾನ್ಸಿಸ್ಕನ್ ಗುರುಗಳು ಇದನ್ನು ಪೋಷಿಸಿದರು. 1949ರಲ್ಲಿ ಇದು ಧರ್ಮಕ್ಷೇತ್ರವಾಗಿ, ಅತಿ ವಂದನೀಯ ಜಾನ್ ಫಾರೆಸ್ಟ್ ಹೋಗನ್ ಪ್ರಥಮ ಧರ್ಮಾಧ್ಯಕ್ಷರಾದರು. ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದ್ದು 1953ರ ಅಕ್ಟೋಬರ್ 1ರಂದು. ವಿದ್ಯಾದಾನದಲ್ಲಿ ನಾವೇ ಮೊದಲಿಗರೆಂದು ಬೀಗುವಂತಿಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲೇ ಬಳ್ಳಾರಿಗೆ ಬಂದಿದ್ದರು. ವೀರಶೈವ ವಿದ್ಯಾವರ್ಧಕ ಸಂಘ 1916ರಲ್ಲಿ ಸ್ಥಾಪನೆಯಾಯಿತು. ಇವರೆಲ್ಲರ ಜೊತೆ ನಮ್ಮ ಗುರುಗಳೂ ಧರ್ಮಭಗಿನಿಯರೂ ದುಡಿದಿದ್ದಾರೆ.

ಆದರೆ ಶಾಲೆಯ ಬಾಗಿಲಲ್ಲಿ ಒಳಬಂದವರನ್ನು ಎಣಿಸಿದಷ್ಟು ಶ್ರದ್ಧೆಯಿಂದ ಹೊರಹೋದವರನ್ನು ಯಾರೂ ಎಣಿಸಲಿಲ್ಲ. ತುಂಗಭದ್ರೆಯ ಕಾಲುವೆ ನೀರಿನಿಂದ ಸಿರುಗುಪ್ಪ ಭತ್ತದ ಸೀಮೆಯಾಯಿತು. ಅಕ್ಕಿ ಗಿರಣಿಗಳು ಎದ್ದವು. ನಾಟಿಯ ದಿನಗಳಲ್ಲಿ ಕೂಲಿಯವರ ಮಗಳು ತಾಯಿಯ ಜೊತೆ ಗದ್ದೆಗಿಳಿದರೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಬೀಳುತ್ತದೆ. ಬಳ್ಳಾರಿ ನಗರದಲ್ಲಾದರೋ ಜೀನ್ಸ್ ಹೊಲಿಗೆಯ ಘಟಕಗಳು ಹುಡುಗರನ್ನು ಬೇಗನೆ ಸೆಳೆಯುತ್ತವೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ, ಲಾರಿ ಮತ್ತು ಗಣಿಯನ್ನೇ ನಂಬಿ ಓದು ಬಿಟ್ಟಿದ್ದವರ ಕೈಯಲ್ಲಿ ಬೇರೆ ಕಸುಬೇ ಇರಲಿಲ್ಲ.

1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ ವೃತ್ತಿಶಾಲೆಗಳನ್ನೂ ವಯಸ್ಕರ ಶಿಕ್ಷಣಕೇಂದ್ರಗಳನ್ನೂ ಹೆಸರಿಸಿ ಮನ್ನಿಸಿತು. ಸಮುದಾಯ ಕಾಲೇಜು ಎಂಬ ಕಲ್ಪನೆ ಅಮೆರಿಕದ್ದು. ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಪಟ್ಟಣದಲ್ಲಿ 1901ರಲ್ಲಿ ಆರೇ ವಿದ್ಯಾರ್ಥಿಗಳಿಂದ ಅದು ಆರಂಭವಾಯಿತು. ನಮ್ಮ ದೇಶದಲ್ಲಿ 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾನಿಲಯವೂ 1996ರಲ್ಲಿ ಚೆನ್ನೈನಲ್ಲಿ ಮದರಾಸು-ಮೈಲಾಪುರ ಮಹಾಧರ್ಮಕ್ಷೇತ್ರವೂ ಇದನ್ನು ತೊಡಗಿಸಿದವು. ಯೇಸುಸಭೆಯ ವಂದನೀಯ ಝೇವಿಯರ್ ಆಲ್ಫೋನ್ಸ್ ಇದರ ಹರಿಕಾರರು. ನಮ್ಮ ಹಿರಿಯರಿಗೆ ಗುರುಗಳನ್ನು ಕಳುಹಿಸುತ್ತಿದ್ದ ಮದರಾಸಿನಲ್ಲೇ ಈ ಕಾರ್ಯವೂ ಬೇರೂರಿತೆಂಬುದು ನಮಗೆ ಸಂತೋಷದ ಸಂಗತಿ.

ಅಲ್ಲಿನ ಕ್ರಮ ಸರಳ. ಅಂಕಗಳ ಅಡ್ಡಿಯಿಲ್ಲ, ವಯಸ್ಸಿನ ಮಿತಿಯಿಲ್ಲ. ಮೊದಲು ಬದುಕಿಗೆ ಬೇಕಾದ ಪಾಠ: ಅಂಜದೆ ಮಾತನಾಡುವುದು, ಅರ್ಜಿ ಬರೆಯುವುದು, ಆರೋಗ್ಯ ಕಾಯ್ದುಕೊಳ್ಳುವುದು. ಬಳಿಕ ಕಸುಬು, ಕೊನೆಗೆ ಆಸ್ಪತ್ರೆಯಲ್ಲೋ ಕಾರ್ಖಾನೆಯಲ್ಲೋ ಕಚೇರಿಯಲ್ಲೋ ಪ್ರತ್ಯಕ್ಷ ತರಬೇತಿ. ಇದು ದಡ್ಡರ ಕಾಲೇಜು ಎಂದು ನಗುವವರಿದ್ದಾರೆ. ಸೋತವರಿಗೆಂದೇ ಬಾಗಿಲು ತೆರೆಯುವುದು ನಾಚಿಕೆಯ ವಿಷಯವಾದರೆ ನಮ್ಮ ಅನೇಕ ಸಂತರೂ ನಾಚಬೇಕಾಗುತ್ತದೆ!

ಪಠ್ಯಕ್ರಮಕ್ಕಿಂತ ವಿದ್ಯಾರ್ಥಿಯ ಆಸರೆಯೇ ಇಲ್ಲಿ ಮುಖ್ಯವೆಂಬುದು ನಮ್ಮ ಅಭಿಪ್ರಾಯ. ಸಿರುಗುಪ್ಪದಿಂದ ಬಳ್ಳಾರಿಗೆ ಐವತ್ತು ಕಿಲೋಮೀಟರಿಗೂ ಮಿಗಿಲಾದ ದಾರಿ; ಕುರುಗೋಡು ಹತ್ತಿರವಾದರೂ ಸಂಜೆಯ ಬಸ್ಸು ತಪ್ಪಿದರೆ ಹೆಣ್ಣುಮಗಳ ಓದು ಅಂದಿಗೇ ನಿಲ್ಲಬಹುದು. ಬಸ್ಸಿನ ಪಾಸು, ಮಧ್ಯಾಹ್ನದ ಊಟ, ಎರಡು ದಿನ ಬಾರದಿದ್ದರೆ ಮನೆಗೆ ಹೋಗಿ ವಿಚಾರಿಸುವ ಒಬ್ಬರು, ಇವಿಲ್ಲದೆ ಯಾವ ಪ್ರಮಾಣಪತ್ರವೂ ಅವಳ ಕೈ ಸೇರದು. ವಿದ್ಯಾರ್ಥಿಗಳೂ ಪಡೆಯುವವರಾಗಿಯೇ ಉಳಿಯಬಾರದು. ವಾರಕ್ಕೊಮ್ಮೆ ಕೇರಿಯ ಮಕ್ಕಳಿಗೆ ಪಾಠ ಹೇಳಲಿ, ಒಂಟಿ ವೃದ್ಧರಿಗೆ ಪಿಂಚಣಿಯ ಅರ್ಜಿ ಬರೆದುಕೊಡಲಿ.

ಶತಮಾನೋತ್ಸವದ ನೆನಪಿಗೆ ಕಮಾನು ಕಟ್ಟಿಸಬೇಕೆಂಬ ಸಲಹೆ ಬಂದಿದೆ. ಕಮಾನು ಬೇಡವೆನ್ನುವುದಿಲ್ಲ. ಮೊದಲು ಸಿರುಗುಪ್ಪ, ಕುರುಗೋಡುಗಳಿಂದ ಬರುವ ಮಕ್ಕಳ ಬಸ್ಸಿನ ಖರ್ಚಿಗೆ ನಿಧಿಯಾಗಲಿ, ನಾಟಿಯ ದಿನಗಳಿಗೆ ತರಗತಿಯ ವೇಳೆ ಬದಲಾಗಲಿ. ಉಳಿದ ಹಣದಲ್ಲಿ ಎಷ್ಟೆತ್ತರದ ಕಮಾನು ಏಳುವುದೋ ಅಷ್ಟೇ ಸಾಕು.